ಸ್ಪ್ಲಿಟ್ ಪೇಟೆಯಲ್ಲಿ ನಮ್ಮ ಡಾಕ್ಟರತ್ತೆ

ನಮ್ಮ ಸೋದರತ್ತೆಯ ಜೊತೆ ಮಾತ್ರ ನೀವು ಪ್ರವಾಸಕ್ಕೆ ಹೋಗಬೇಡಿ. ಹೋದರೆ ನಿಮ್ಮ ಬಿ.ಪಿ. ಎಷ್ಟಿದೆ ಎಂದು ತಿಳಿಯುತ್ತದೆಯೇ ಹೊರತು, ಊರು ಹೇಗಿದೆ ಎಂದು ಖಂಡಿತ ತಿಳಿಯುವುದಿಲ್ಲ!

ಮೈಸೂರಿನಿಂದ ಇಂಗ್ಲೆಂಡಿಗೆ ಬಂದು ಜೀವಮಾನವೆಲ್ಲ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಜಿ.ಪಿ., ಅಂದರೆ ಬಡಾವಣೆಯ ಡಾಕ್ಟರ್, ಆಗಿದ್ದವರು ಅವರು. ಮದುವೆಯಾಗಲಿಲ್ಲ. "ನನ್ನ ಡ್ಯೂಟಿ ರೋಟಾಗೆ ಹೊಂದಿಕೊಳ್ಳೋ ಗಂಡು ಸಿಗಲಿಲ್ಲ ಕಣೇ" ಎನ್ನುತ್ತಾರೆ. ಕೊನೆಗೊಂದು ವರ್ಷ ನಿವೃತ್ತಿಯಾದರು. ಮನೆಯಲ್ಲಿ ಕೂತು ಪೋಸ್ಟ್‌ಮ್ಯಾನ್‌ನ ಕೆಮ್ಮಿಗೆ ಔಷಧಿ ಹೇಳತೊಡಗಿದಾಗ, ಸಾಲ್ಫರ್ಡ್‌ನಲ್ಲಿ ಕಂಪ್ಯೂಟರ್ ಕುಟ್ಟುತ್ತಿದ್ದ ನಾನು ರಜೆ ಹಾಕಿ, "ಅತ್ತೆ, ಕ್ರೊಯೇಷಿಯಾಕ್ಕೆ ಹೋಗೋಣ ಬನ್ನಿ. ಸಮುದ್ರ ಇದೆ, ಅರಮನೆ ಇದೆ" ಎಂದೆ.

ಬರ್ಮಿಂಗ್‌ಹ್ಯಾಂ ವಿಮಾನ ನಿಲ್ದಾಣದಲ್ಲೇ ಶುರುವಾಯಿತು. ತಪಾಸಣೆಯ ಹೆಂಗಸು ಕೈ ಎತ್ತಿ ಎಂದರೆ, ಅತ್ತೆ ಕೈ ಎತ್ತುವ ಬದಲು ಅವಳ ಕತ್ತನ್ನೇ ದಿಟ್ಟಿಸಿ, "ಥೈರಾಯ್ಡ್ ತೋರಿಸಿದ್ದೀಯಾ, ಬ್ಯಾಬ್?" ಎಂದು ಕೇಳಿದರು. (ವುಲ್ವರ್‌ಹ್ಯಾಂಪ್ಟನ್ ಕಡೆ 'ಮಗೂ' ಎನ್ನುವುದಕ್ಕೆ ಹಾಗೇ!) ಮರುಕ್ಷಣ ಅತ್ತೆಯ ಎರಡು ಬೆರಳು ಆಕೆಯ ಗಂಟಲ ಮೇಲಿದ್ದವು. "ನುಂಗು, ನೋಡೋಣ." ಆಕೆ ನುಂಗಿದಳು! ಯಾರು ಯಾರನ್ನು ತಪಾಸಣೆ ಮಾಡಿದರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸ್ಪ್ಲಿಟ್ ಕ್ರೊಯೇಷಿಯಾದ ಬಂದರಿನ ಊರು. ಹಾಲಿನಂಥ ಕಲ್ಲಿನ ಬೀದಿಗಳು, ಕಣ್ಣು ಕುಕ್ಕುವ ನೀಲಿ ನೀರು. ಅಲ್ಲೊಬ್ಬ ಬಿಷಪ್ಪರ ದೈತ್ಯ ಕಂಚಿನ ಪ್ರತಿಮೆಯಿದೆ. ಅದರ ಹೆಬ್ಬೆರಳು ಉಜ್ಜಿದರೆ ಅದೃಷ್ಟವಂತೆ. ಉಜ್ಜಿ ಉಜ್ಜಿ ಬೆರಳು ಬಂಗಾರದ ಹಾಗೆ ಹೊಳೆಯುತ್ತಿತ್ತು. ಸಾಲಿನಲ್ಲಿ ನಿಂತು ನಮ್ಮ ಸರದಿ ಬಂದಾಗ ಅತ್ತೆ ಬಗ್ಗಿ ನೋಡಿ ಲೊಚಗುಟ್ಟಿದರು.

"ಗೌಟ್ ಕಣೇ! ಪಾಪ, ಊದಿದ ಬೆರಳನ್ನ ಹೀಗಾ ಉಜ್ಜೋದು?"

"ಅತ್ತೆ, ಅದು ಕಂಚು."

"ಕಂಚಾದ್ರೇನು? ಕಾಲು ಕಾಲೇ!"

ಅಲ್ಲಿಂದ ಅರಮನೆ. ರೋಮನ್ ಚಕ್ರವರ್ತಿಯೊಬ್ಬ ರಾಜ್ಯ ಬಿಟ್ಟು, ವಿಶ್ರಾಂತಿಗೆಂದು ಕಟ್ಟಿಸಿದ್ದು ಎಂದ ಗೈಡ್. ಅತ್ತೆಯ ಕಿವಿ ನೆಟ್ಟಗಾಯಿತು. "ಕೆಲಸ ಬಿಟ್ಟು ಇಲ್ಲೇನು ಮಾಡ್ತಿದ್ದ?" ತರಕಾರಿ ಬೆಳೆಯುತ್ತಿದ್ದನಂತೆ. "ಅಯ್ಯೋ ಪಾಪ!" ಎಂದರು ಅತ್ತೆ, ಸ್ವಂತ ತಮ್ಮನ ಕಷ್ಟ ಕೇಳಿದ ಹಾಗೆ.

ಅರಮನೆಯ ಗೋಡೆಯಾಚೆ ಸಂತೆ. ತಲೆಗೆ ಕರಿ ವಸ್ತ್ರ ಕಟ್ಟಿದ ಮುದುಕಿಯೊಬ್ಬಳು ಅಂಜೂರ ಮಾರುತ್ತಿದ್ದಳು. ಬೆಳಿಗ್ಗೆ ಅರಮನೆಗೆ ಹೋಗುವಾಗಲೇ ಅವಳಿಗೂ ಅತ್ತೆಗೂ ಭಾರಿ ಸ್ನೇಹವಾಗಿತ್ತು. ಅವಳು ತನ್ನ ಭಾಷೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವುದು, ಇವರು ಕನ್ನಡದಲ್ಲಿ "ಮಂಡಿ ನೋವಾ? ಮೆಟ್ಟಿಲು ಹತ್ತಬೇಡಿ" ಎನ್ನುವುದು! ಇಬ್ಬರಿಗೂ ಒಂದಕ್ಷರ ಅರ್ಥವಾಗಲಿಲ್ಲ, ಇಬ್ಬರಿಗೂ ಪರಮ ತೃಪ್ತಿ.

ಮಧ್ಯಾಹ್ನ ಮತ್ತೆ ಅದೇ ದಾರಿಯಲ್ಲಿ ಬಂದೆವು. ಮುದುಕಿ ನಮ್ಮನ್ನು ನೋಡಿ ಏನೋ ಹೇಳಿದಳು. ನಾನು ನಕ್ಕು ಮುಂದೆ ಹೊರಟೆ. ಅತ್ತೆ ನಿಂತುಬಿಟ್ಟರು.

"ಇವಳ ಮಾತು ತೊದಲ್ತಿದೆ."

"ಅತ್ತೆ, ನಿಮಗೆ ಆ ಭಾಷೆಯೇ ಬರಲ್ಲ!"

"ಭಾಷೆ ಬರಲ್ಲ. ತೊದಲೋದು ಗೊತ್ತಾಗುತ್ತೆ."

ಪಕ್ಕದ ಟೊಮೇಟೊ ಮಾರುವವನು ಬಿಸಿಲನ್ನೂ ನಿದ್ದೆಯನ್ನೂ ಕೈಸನ್ನೆಯಲ್ಲಿ ತೋರಿಸಿ, ತೂಕಡಿಕೆ ಎಂದು ನಕ್ಕ. ಅತ್ತೆ ಅವನತ್ತ ನೋಡಲಿಲ್ಲ. ಮುದುಕಿಯ ಎದುರು ನಿಂತು ಎರಡೂ ಕೈ ಮುಂದೆ ಚಾಚಿ, ಹಾಗೇ ಮಾಡು ಎಂದರು. ಹಲ್ಲು ಕಿರಿದು ತೋರಿಸಿ, ನಗು ಎಂದರು. ಸಂತೆಗೆ ಸಂತೆಯೇ ಸುತ್ತ ಸೇರಿತು. ಜೀನ್ಸ್ ತೊಟ್ಟು ಕುಂಕುಮವಿಟ್ಟ ಹೆಂಗಸು ನಡುಬೀದಿಯಲ್ಲಿ ಹೀಗೆ ಕುಣಿದರೆ ಯಾರಿಗೆ ನಗು ಬರುವುದಿಲ್ಲ? ನನಗೂ ಬಂತು. ಮುದುಕಿಯೂ ನಗುತ್ತಲೇ ಕೈ ಎತ್ತಿದಳು.

ಬಲಗೈ ನಿಂತಿತು. ಎಡಗೈ ಮೆಲ್ಲಗೆ ಅಂಜೂರದ ಬುಟ್ಟಿಗೆ ಇಳಿಯಿತು. ನಗುವಿನಲ್ಲೂ ಅರ್ಧ ತುಟಿ ಹಿಂದೆಯೇ ಉಳಿದಿತ್ತು.

ಯಾರೂ ನಗಲಿಲ್ಲ ಆಮೇಲೆ.

"ಸ್ಟ್ರೋಕ್. ಆಂಬುಲೆನ್ಸ್. ಈಗಲೇ!" ಅತ್ತೆಯ ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಟೊಮೇಟೊದವನು ಫೋನ್ ತೆಗೆದ. ಆಂಬುಲೆನ್ಸ್ ಬರುವವರೆಗೂ ಅತ್ತೆ ಮುದುಕಿಯನ್ನು ತಮ್ಮ ಮಡಿಲಿಗೆ ಒರಗಿಸಿಕೊಂಡು, "ಏನಾಗಲ್ಲಮ್ಮ, ನಾನಿದ್ದೀನಿ" ಎಂದು ಕನ್ನಡದಲ್ಲೇ ಹೇಳುತ್ತಿದ್ದರು. ಬಂದ ವೈದ್ಯನಿಗೆ ಮಾತ್ರ ಇಂಗ್ಲಿಷಿನಲ್ಲಿ, ಯಾವಾಗ ಮಾತು ಸರಿಯಿತ್ತು, ಯಾವಾಗ ಕೆಟ್ಟಿತ್ತು, ಯಾವ ಕೈ, ಎಲ್ಲ ಒಪ್ಪಿಸಿದರು. ಅವನು ತಲೆಬಾಗಿ ಕೇಳಿಸಿಕೊಂಡ.

ಸರಿ, ಇನ್ನು ಸಮುದ್ರ ನೋಡೋಣವೆಂದರೆ ಅತ್ತೆ ಬರಬೇಕಲ್ಲ? "ಬುಟ್ಟಿ ಬಿಟ್ಟು ಹೋಗೋದಾ? ಅವಳ ಮನೆಯವರು ಬರಲಿ" ಎಂದು ಮುದುಕಿಯ ಸ್ಟೂಲಿನ ಮೇಲೆ ಕೂತರು. ಸುಮ್ಮನೆ ಕೂತರೇ? ಇಂಗ್ಲಿಷ್ ಪ್ರವಾಸಿಗಳನ್ನು ಕಂಡರೆ ಸಾಕು, "ಬಾ ಬ್ಯಾಬ್, ಅಂಜೂರ ತಗೋ, ಮಲಬದ್ಧತೆಗೆ ಬಹಳ ಒಳ್ಳೇದು!" ಎಂದು ಕೂಗಿದರು. ಬುಟ್ಟಿ ಖಾಲಿಯಾಯಿತು!

ಸಂಜೆ ಮುದುಕಿಯ ಮಗಳು ಆಸ್ಪತ್ರೆಯಿಂದ ಬಂದಳು. ಆಕೆಗೆ ಇಂಗ್ಲಿಷ್ ಬರುತ್ತಿತ್ತು. "ಚಿಕಿತ್ಸೆಗೆ ಸಮಯ ಮೀರುವ ಮೊದಲೇ ತಲುಪಿಸಿದಿರಂತೆ, ಅಮ್ಮ ಆಗಲೇ ನನ್ನ ಹೆಸರು ಕರೆದಳು" ಎಂದು ಹೇಳಿ, ಅತ್ತೆಯನ್ನು ತಬ್ಬಿಕೊಂಡು ಅತ್ತಳು. ಟೊಮೇಟೊದವನು ಟೋಪಿ ತೆಗೆದು ನಿಂತ. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಯಾರೂ ಕೇಳದಿದ್ದರೂ ಅಲ್ಲಿದ್ದವರಿಗೆಲ್ಲ "ಮೈ ಆಂಟ್! ಡಾಕ್ಟರ್!" ಎಂದು ಸಾರಿದೆ.

ಅತ್ತೆ ಖಾಲಿ ಬುಟ್ಟಿಯನ್ನೂ ಅಂಜೂರದ ದುಡ್ಡನ್ನೂ ಮಗಳ ಕೈಗಿಟ್ಟು ಎದ್ದರು. ದಡದ ಬೆಂಚಿನವರೆಗೆ ನಡೆದು ಕೂತ ಮೇಲೆ, "ನನ್ನ ಕೈ ಸ್ವಲ್ಪ ಹಿಡ್ಕೋ ಕಣೇ" ಎಂದರು.

ಹಿಡಿದರೆ ಗಡಗಡ ನಡುಗುತ್ತಿತ್ತು.

"ಇಷ್ಟು ವರ್ಷ ಆದ್ಮೇಲೂ ಹೆದರಿಕೆ ಆಗುತ್ತಾ ಅತ್ತೆ?"

"ಪ್ರತಿ ಸಲ ಆಗ್ತಿತ್ತು. ಪೇಷೆಂಟ್ ಎದ್ದು ಹೋಗೋವರೆಗೂ ಏನಿಲ್ಲ, ಆಮೇಲೆ ಶುರು. ಯಾರಿಗೂ ಕಾಣದ ಹಾಗೆ ಕೈನ ಕೋಟಿನ ಜೇಬಲ್ಲಿ ಇಟ್ಕೊಂಡು ಮನೆಗೆ ಹೋಗ್ತಿದ್ದೆ."

"ಮನೇಲಿ?"

ಅತ್ತೆ ಸಮುದ್ರದ ಕಡೆ ನೋಡಿದರು. "ಮನೇಲಿ ಯಾರಿದ್ರು ಹೇಳು. ತಾನಾಗಿ ನಿಲ್ಲೋದು."

ಹಡಗೊಂದು ಕೂಗಿ ಬಂದರು ಬಿಟ್ಟಿತು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ನಾನು ಕೈ ಬಿಡಲಿಲ್ಲ.