ಅತ್ತೆಯ ವಿಚಾರಣೆ

"ಪುಟ ತೋರಿಸದೆ ಯಾರೂ ಬಾಯಿ ಬಿಡುವಂತಿಲ್ಲ!"

ನವಲಗುಂದದ ಕಡೆಯ ನಮ್ಮ ಹಳ್ಳಿಶಾಲೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ನಾನು ವಿಧಿಸಿದ ಕಟ್ಟಳೆ ಇದು. ಕಾದಂಬರಿಯೊಂದರ ಮೇಲೆ ಚರ್ಚೆ. ಅದರಲ್ಲಿ ಬರುವ ಅತ್ತೆ ಒಳ್ಳೆಯವಳೋ ಕೆಟ್ಟವಳೋ ಎಂಬುದು ವಿಷಯ. ಆಧಾರವಿಟ್ಟು ಮಾತಾಡುವ ಪೀಳಿಗೆಯೊಂದನ್ನು ತಯಾರು ಮಾಡುವ ಐತಿಹಾಸಿಕ ಹೊಣೆ ನನ್ನ ಹೆಗಲೇರಿತ್ತು. ಯಾರೂ ಏರಿಸಿರಲಿಲ್ಲ, ನಾನೇ ಏರಿಸಿಕೊಂಡಿದ್ದೆ.

ತೊಡಕೆಂದರೆ, ಇದ್ದದ್ದು ಒಂದೇ ಪುಸ್ತಕ. ಅದೂ ನನ್ನ ಹೆಂಡತಿ ಗಿರಿಜಾಳದು. ಓದು ಬಾರದ ಅವಳ ಅವ್ವ, ಬದುಕಿರುವವರೆಗೂ ಅದರ ಕೊನೆಯ ಪುಟವನ್ನು ಮಗಳಿಂದ ಮತ್ತೆ ಮತ್ತೆ ಓದಿಸಿ ಕೇಳುತ್ತಿದ್ದಳಂತೆ. ಈಗ ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಗಿರಿಜಾ ತಿರ್ಲಾಪುರದ ತವರಿಗೆ ಹೋದದ್ದೇ ತಡ, ಬೆನ್ನಿನ ಹೊಲಿಗೆ ಬಿಚ್ಚಿ ಪುಸ್ತಕವನ್ನು ಎರಡು ಪಾಲು ಮಾಡಿದೆ. ಅವಳು ಬರುವಷ್ಟರಲ್ಲಿ ಹೊಲಿದಿಟ್ಟರಾಯಿತು! ಮೊದಲರ್ಧ 'ಒಳ್ಳೆಯವಳು' ಎನ್ನುವ ತಂಡಕ್ಕೆ, ಉಳಿದರ್ಧ 'ಕೆಟ್ಟವಳು' ಎನ್ನುವ ತಂಡಕ್ಕೆ, ಮನೆಗೊಯ್ದು ಓದಿ ಬರಲು. ಅಣ್ಣತಮ್ಮಂದಿರ ಹೊಲ ಹಂಚುವ ಪಂಚರೂ ಇಷ್ಟು ಸಮನಾಗಿ ಹಂಚಿರಲಾರರು.

ಗಿರಿಜಾ ಹೇಳಿದ್ದಕ್ಕಿಂತ ಮೊದಲೇ ಬಂದಳು. ಚರ್ಚೆಯ ಸುದ್ದಿ ಕೇಳಿ ನೆಟ್ಟಗೆ ಶಾಲೆಗೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಳು.

'ಒಳ್ಳೆಯವಳು' ತಂಡದ ಮಂಜು ಎದ್ದು ನಿಂತ. "ಸರ, ನಮ್ಮ ಪಾಲಿನ್ಯಾಗ ಆಕಿ ಬರೇ ಸೊಸಿನ್ನ ಬೈತಾಳ್ರಿ. ಒಳ್ಳೆಯಾಕಿ ಅಂತ ಎಲ್ಲಿಂದ ತೋರಸೂಣ್ರಿ?"

ಎದುರು ತಂಡದ ಶಿವಲೀಲಾಳ ಕೈಯಿಂದ ಇನ್ನರ್ಧ ಇಸಿದುಕೊಂಡು ತಿರುವಿದೆ. ಅಲ್ಲಿ ಅತ್ತೆ ಪುಟಪುಟಕ್ಕೂ ಕರಗುತ್ತಿದ್ದಳು. ಅವರ ಸಾಕ್ಷಿಯನ್ನು ಇವರಿಗೂ ಇವರ ಸಾಕ್ಷಿಯನ್ನು ಅವರಿಗೂ ಕೊಟ್ಟಿದ್ದೆ! ಅಷ್ಟೇ ಅಲ್ಲ, ಕೊನೆಯ ಹಾಳೆಯೇ ಇರಲಿಲ್ಲ.

"ಎಲ್ಲೈತವಾ ಅದು?"

"ಒಲಿಗೆ ಹಾಕಿದ್ನಿರಿ, ಸರ."

"ಯಾಕ?"

"ಅದರಾಗ ಆಕಿ ಅಗದಿ ಒಳ್ಳೆಯಾಕಿ ಆಗಿದ್ಲರಿ. ನಮ್ಮಪ್ಪ ಹೊಲದ ಕೇಸ್ ನಡಸ್ತಾನಲ್ರಿ, ನಮ್ಮ ವಿರುದ್ಧದ ಕಾಗದ ಎದುರಿನವರ ಕೈಗೆ ಸಿಗಬಾರದು ಅಂತಾನ್ರಿ."

ಸಾಕ್ಷಿ ತೋರಿಸುವುದನ್ನು ಕಲಿಸಿದ್ದೆ. ಸಾಕ್ಷಿ ಸುಡಬಾರದೆಂದು ಹೇಳುವುದನ್ನು ಮರೆತಿದ್ದೆ. ಹುಡುಗಿಯ ತಪ್ಪೇನು? ಗಿರಿಜಾ ಎದ್ದು ಬಂದು, ಎರಡೂ ಪಾಲನ್ನು ಎದೆಗವಚಿಕೊಂಡು ಹೊರಟುಹೋದಳು. ನಾಲ್ಕು ಜನರೆದುರು ಬೈದಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ: "ತಪ್ಪಾತು, ಗಿರಿಜಾ. ಆ ಪುಟ ನಿನಗ ಬಾಯಿಪಾಠ ಇರಬೇಕಲ್ಲ? ಹೇಳು, ಬರದು ಹಚ್ಚತೀನಿ."

"ನೀವ ಹೇಳ್ರಿ. ಮಾಸ್ತರ ಅದೀರಿ. ಕೊನೀಗೆ ಅತ್ತಿ ಸೊಸಿಗೆ ಏನಂತಾಳ?"

ಮಕ್ಕಳಿಗೆಲ್ಲ ಓದಿ ಬನ್ನಿರೆಂದು ತಾಕೀತು ಮಾಡಿದ ಮಹಾಶಯ, ತಾನು ಮಾತ್ರ ನಾಲ್ಕು ಪುಟದಾಚೆ ಹೋಗಿರಲಿಲ್ಲ.

"ನನಗ ಅಕ್ಷರ ಅಕ್ಷರ ನೆನಪೈತಿ," ಎಂದಳು ಗಿರಿಜಾ. "ನಮ್ಮವ್ವಗ ಓದಿ ಹೇಳೀನಿ. ನಿಮಗ ಹೇಳಂಗಿಲ್ಲ."

ಶಿವಲೀಲಾಳನ್ನು ಕೇಳಬಹುದಿತ್ತು. ಯಾವ ಮುಖ ಇಟ್ಟುಕೊಂಡು ಕೇಳಲಿ? ಆ ಅತ್ತೆ ಏನಂದಳೋ, ಕನ್ನಡ ಮಾಸ್ತರನಾದ ನನಗೆ ಇಂದಿಗೂ ಗೊತ್ತಿಲ್ಲ!