ಸಾಹೇಬರ ಫಟಫಟಿ ಮತ್ತು ಹಿಂದಿನ ಭಾರ

ಸರಕಾರ ಸಾಹೇಬರಿಗೆ ಗಾಡಿ ಕೊಡುತ್ತದೆ. ಬ್ರೇಕ್ ಹಿಡಿಯುವ ಬುದ್ಧಿಯನ್ನು ಅವರೇ ತಂದುಕೊಳ್ಳಬೇಕು. ನಮ್ಮ ಸಾಹೇಬರು ತಂದಿರಲಿಲ್ಲ. ಹಾಗಾಗಿ ರೋಣದ ಕಚೇರಿಯಲ್ಲಿ ನಾನು ಕಡತ ಬರೆಯುವ ಕಾರಕೂನನಾಗಿದ್ದಷ್ಟು ಕಾಲ ಇಂಥ ಪ್ರಸಂಗಗಳು ನಡೆಯುತ್ತಲೇ ಇದ್ದವು.

ನರಗುಂದದ ದಾರಿ

ಎರೆಮಣ್ಣಿನ ರಸ್ತೆ, ಆಗಷ್ಟೇ ಮಳೆ ನಿಂತಿತ್ತು. ಹೊಸ ಮೋಟಾರ್ ಸೈಕಲ್ಲು, ನಮ್ಮ ಮಾತಿನ ಫಟಫಟಿಯ ಮೇಲೆ ಹೊರಟ ಸಾಹೇಬರಿಗೆ ಎಮ್ಮೆ ಅಡ್ಡ ಬಂತು. ಹಿಂದಿನ ಬ್ರೇಕನ್ನು ಕಾಲಿನಿಂದ ಜೋರಾಗಿ ತುಳಿದರು. ಗಾಲಿ ನಿಂತಿತು, ಗಾಡಿ ನಿಲ್ಲಲಿಲ್ಲ. ಹಿಂಭಾಗ ಜಾರಿ, ಗರ್ರನೆ ತಿರುಗಿ, ಸಾಹೇಬರು ಮತ್ತೆ ರೋಣದ ಕಡೆ ಮುಖ ಮಾಡಿ ನಿಂತರು.

ಎಮ್ಮೆಯವನು ಕೈಮುಗಿದು ಕೇಳಿದ, “ಯಾಕ್ರೀ ಸಾಹೇಬ್ರ, ಮನ್ಯಾಗ ಏನರ ಮರತ ಬಂದೀರೇನ್ರೀ?”

ಅರ್ಧ ಪಾಠ

ಸಾಲಿಯ ವಿಜ್ಞಾನದ ಮಾಸ್ತರರು ಕಚೇರಿಗೆ ಬಂದಾಗ ತಿಳಿಹೇಳಿದರು. “ಬ್ರೇಕ್ ಹಿಡದಾಗ ಭಾರ ಮುಂದಿನ ಗಾಲಿಗೆ ಹೋಗ್ತದ್ರಿ. ಹಿಂದಿಂದು ಹಗುರಾಗಿ ಜಾರ್ತದ. ಮುಂದಿನ ಬ್ರೇಕೂ ಸಾವಕಾಶ ಹಿಡೀಬೇಕ್ರಿ.”

“ಓಡೂ ಎತ್ತಿನ ಮುಂಗಾಲ ಹಿಡದ್ರ ಅದು ಮುಗ್ಗರಸೂದಿಲ್ಲೇನ್ರಿ?” ಎಂದರು ಸಾಹೇಬರು. ಹಿಂದಿನದು ಹಗುರ ಎಂಬಷ್ಟನ್ನೇ ಇಟ್ಟುಕೊಂಡು ಕಚೇರಿಯಲ್ಲೆಲ್ಲ ಒಮ್ಮೆ ಕಣ್ಣಾಡಿಸಿದರು. ನನ್ನಷ್ಟು ದಪ್ಪ ಬೇರೆ ಯಾರೂ ಇರಲಿಲ್ಲ.

“ನಾಳಿಂದ ನೀವು ನನ್ನ ಹಿಂದ ಕೂಡ್ರಿ.”

ಅಂದಿನಿಂದ ನಾನು ಕಾರಕೂನ ಹೋಗಿ ಸಾಮಾನಾದೆ.

ತುಪ್ಪದ ಉಪಾಯ

ನನ್ನ ಹೆಂಡತಿ ಮಕ್ಕಳು ನರೇಗಲ್ಲಿನಲ್ಲಿದ್ದರು. ಅಲ್ಲಿಗೆ ವರ್ಗಾವಣೆ ಕೇಳಿದ್ದೆ, ಮೇಲಿನವರು ಒಪ್ಪಿದ್ದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

“ನಿಮ್ಮನ್ನ ಬಿಟ್ರ ನಾ ಬ್ರೇಕ್ ಹ್ಯಾಂಗ ಹಿಡೀಲಿ?” ಎಂದರು ಸಾಹೇಬರು.

ತೂಕ ಇಳಿದರೆ ಬಿಟ್ಟಾರು ಎಂದು ರಾತ್ರಿಯ ರೊಟ್ಟಿ ಬಿಟ್ಟೆ. ಹೊಟ್ಟೆ ಚುರುಗುಟ್ಟುತ್ತಿತ್ತು, ಮಕ್ಕಳ ನೆನಪು ಅದಕ್ಕಿಂತ ಹೆಚ್ಚು ಸುಡುತ್ತಿತ್ತು. ನನ್ನ ಅಂಗಿ ಸಡಿಲಾದದ್ದು ಸಾಹೇಬರ ಕಣ್ಣಿಗೆ ಬಿತ್ತು. ಮರುದಿನದಿಂದ ಅವರ ಮನೆಯ ಹೋಳಿಗೆ, ತುಪ್ಪ ನನ್ನ ಟೇಬಲ್ಲಿಗೇ ಬರತೊಡಗಿದವು.

ಗಜೇಂದ್ರಗಡದ ಇಳಿಜಾರು

ಅಲ್ಲಿ ಇಳಿಯುವಾಗ ಆಡುಗಳ ಹಿಂಡು ಅಡ್ಡ ಬಂತು. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ವಾಲಿ, ನಾನಿದ್ದರೂ ಹಿಂದಿನ ಗಾಲಿ ಜಾರತೊಡಗಿತು.

“ಮುಂದಿಂದು ಹಿಡೀರಿ ಸಾಹೇಬ್ರ!”

“ಹಿಡಿಯೂದಿಲ್ಲ!”

ಜೀವದ ಆಸೆ ದೊಡ್ಡದು. ಸಾಹೇಬರ ಬೆನ್ನಿಗೆ ಅಂಟಿ, ಕೈ ಚಾಚಿ, ಮುಂದಿನ ಬ್ರೇಕನ್ನು ನಾನೇ ಮೆಲ್ಲಗೆ ಒತ್ತಿದೆ. ಗಾಡಿ ಆಡಿನ ಗಡ್ಡದ ಹತ್ತಿರ ನೆಟ್ಟಗೆ ನಿಂತಿತು.

ನೌಕರಿ ಹೋಯಿತು ಅಂದುಕೊಂಡೆ. ಸಾಹೇಬರು ಇಳಿದು, ಬೆವರು ಒರೆಸಿಕೊಂಡು, “ಮಾಸ್ತರ ಮಾತು ಖರೇ ಅದ. ಇನ್ನ ಮುಂದಿನ ಬ್ರೇಕ್ ಹಿಡೀಲಿಕ್ಕೇ ಬೇಕು” ಎಂದರು.

ನರೇಗಲ್ಲು ಕಣ್ಣಮುಂದೆ ಬಂತು. “ಹಂಗಾದ್ರ ಹಿಂದ ಭಾರ ಬ್ಯಾಡಲ್ರಿ... ನನ್ನ ವರ್ಗಾ?”

“ಯಾವ ವರ್ಗಾ? ಹಿಂದಿನ ಬ್ರೇಕ್ ನಾ ಹಿಡೀತೀನಿ. ಮುಂದಿಂದು ನೀವ ಹಿಡೀಬೇಕಲ್ಲ!”