ಒಂದೇ ರೇಟಿಗೆ ಎಂಬತ್ತು ಸಿಸಿ ಹೆಚ್ಚು

ಒಂದೇ ಬೆಲೆಗೆ ಸಣ್ಣದೂ ದೊಡ್ಡದೂ ಸಿಗುವಾಗ ಸಣ್ಣದನ್ನು ಆರಿಸಿಕೊಳ್ಳುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅನುಮಾನ. ಅವರು ಬೇರೆಲ್ಲ ವಿಷಯದಲ್ಲಿ ಬುದ್ಧಿವಂತರಿರಬಹುದು, ದೇವರಂಥವರೂ ಇರಬಹುದು, ಆದರೆ ಒಬ್ಬರನ್ನೇ ಸಂತೆಗೆ ಕಳಿಸಬಾರದು. ಹೋಟೆಲಿನಲ್ಲಿ ವಡೆಯ ತಟ್ಟೆ ಬಂದರೆ ನನ್ನ ಕಣ್ಣು ತಾನಾಗಿಯೇ ದಪ್ಪನೆಯದರ ಮೇಲೆ ಹೋಗಿ ಕೂರುತ್ತದೆ. ತೆಂಗಿನಕಾಯಿ ಎಲ್ಲಾ ಒಂದೇ ರೇಟು ಅಂದರೆ ರಾಶಿಯ ತಳದವರೆಗೆ ಕೈ ಹಾಕುತ್ತೇನೆ. ನನ್ನ ತಂಗಿ ಮಂಗಳ ಇದನ್ನು ಆಸೆಬುರುಕತನ ಎನ್ನುತ್ತಾಳೆ. ನಾನು ವ್ಯವಹಾರಜ್ಞಾನ ಎನ್ನುತ್ತೇನೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗಂಡಸರ ನಡುವೆ ನಿಂತು ಹರಾಜು ಕೂಗಿ, ಗೂಡು ಕೊಂಡು, ನೂಲು ಬಿಚ್ಚುವ ಶೆಡ್ಡೊಂದನ್ನು ನನ್ನ ಕೈಯಾರೆ ಕಟ್ಟಿದವಳು ನಾನು. ಆಸೆಬುರುಕತನದಿಂದ ಶೆಡ್ಡಿಗೆ ಶೀಟು ಹಾಕಿಸಲು ಆಗುವುದಿಲ್ಲ.

ಮಂಗಳ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅಮ್ಮ ಬೇಗ ಹೋದದ್ದರಿಂದ ಅವಳನ್ನು ಸಾಕಿದ್ದು ನಾನೇ, ಅವಳಿಗೆ ಬಟ್ಟೆಬರೆ ತಂದದ್ದೂ ನಾನೇ. ಯೂನಿಫಾರಂ ಕೊಂಡರೆ ಮೊಣಕಾಲಿನ ಕೆಳಗೆ ಒಂದು ಗೇಣು ಇಳಿಯುವಂಥದ್ದು, ಚಪ್ಪಲಿ ಕೊಂಡರೆ ಹಿಂದೆ ಎರಡು ಬೆರಳು ಜಾಗ ಉಳಿಯುವಂಥದ್ದು. "ಬೆಳೆಯೋ ಹುಡುಗಿ, ಒಸಿ ದೊಡ್ಡದೇ ಇರ್ಲಿ" ಎಂದು ಅಂಗಡಿಯವನಿಗೆ ಹೇಳುತ್ತಿದ್ದೆ. ಆ ಮಾತನ್ನು ನಾನು ಎಷ್ಟು ಸಲ ಹೇಳಿದ್ದೆನೋ ನನಗೆ ನೆನಪಿಲ್ಲ. ಅವಳಿಗೆ ನೆನಪಿತ್ತು.

ಅವಳು ಈಗ ಊರಾಚೆಯ ಗಾರ್ಮೆಂಟ್ಸಿನಲ್ಲಿ ತಪಾಸಣೆಯ ಕೆಲಸದಲ್ಲಿದ್ದಾಳೆ. ಕಾಲು ಇಂಚು ಹೆಚ್ಚುಕಡಿಮೆಯಾದ ಅಂಗಿಯನ್ನು ತೆಗೆದು ಪಕ್ಕಕ್ಕೆ ಎಸೆಯುವುದೇ ಕೆಲಸ. ತನ್ನ ಅವಳಿ ಮಕ್ಕಳಿಗೆ ಎದೆಹಾಲು ಬಿಡಿಸಿದ ಮೇಲೆ ಒಂದು ದಿನ ನನ್ನ ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡಳು.

"ಅಕ್ಕ, ಹಳೇ ರವಿಕೆ ಒಂದೂ ಮೈಮೇಲೆ ನಿಲ್ತಾ ಇಲ್ಲ. ಕನ್ನಡಿ ಮುಂದೆ ನಿಂತ್ರೆ ಇನ್ಯಾರೋ ನಿಂತಂಗೆ ಆಯ್ತದೆ. ಬೆಂಗಳೂರ್ನಾಗೆ ಎದೆ ಒಳಗೆ ಸಿಲಿಕೋನ್ ಇಡೋ ಆಪರೇಷನ್ ಮಾಡ್ತಾರಂತೆ. ದುಡ್ಡು ನಂದೇ ಐತೆ. ನೀನು ಜೊತೆಗೆ ಬಾ, ಸಾಕು. ಆದ್ರೆ ಅಲ್ಲಿ ನೀನು ಬಾಯಿ ಬುಡ್‌ಬಾರ್ದು."

"ನಿನ್ ಗಂಡ ಏನಂದ?"

"ನಿನ್ ಮೈ, ನಿನ್ನಿಷ್ಟ ಅಂದ್ಬುಟ್ಟು ಬಿಡದಿಗೆ ಶಿಫ್ಟಿಗೆ ಹೋದ."

ಬಾಯಿ ಬಿಡುವುದಿಲ್ಲ ಎಂದು ಒಲೆಯ ಮುಂದೆ ಆಣೆ ಮಾಡಿದೆ. ಬಸ್ಸು ಕೆಂಗೇರಿ ದಾಟುವವರೆಗೂ ಅದನ್ನು ಪಾಲಿಸಿದೆ.

ಡಾಕ್ಟರು ಹೆಂಗಸು, ನಗುಮುಖ. ಮೇಜಿನ ಮೇಲೆ ಮಾದರಿಗಳನ್ನು ಸಾಲಾಗಿ ಇಟ್ಟರು. ಕೆಲವು ಗುಂಡನೆಯವು, ಕೆಲವು ಕೆಳಗೆ ತುಂಬಿಕೊಂಡು ಮೇಲೆ ಸಣ್ಣಗಾದ ಹನಿಯಾಕಾರದವು. ಕೆಲವುಗಳ ಸಿಪ್ಪೆ ನುಣುಪು, ಕೆಲವುಗಳದು ತರಿತರಿ. ಹನಿಯಾಕಾರದ್ದು ಒಳಗೆ ತಿರುಗಿಕೊಂಡರೆ ಅಂದಗೆಡುತ್ತದಂತೆ, ಅದು ಕಚ್ಚಿಕೊಂಡು ನಿಲ್ಲಲೆಂದು ತರಿ. ಗುಂಡನೆಯದು ತಿರುಗಿದರೂ ಗುಂಡಗೇ ಇರುತ್ತದೆ, ಹಾಗಾಗಿ ನುಣುಪಾದರೂ ನಡೆಯುತ್ತದೆ. ಮಂಗಳ ತಲೆಯಾಡಿಸುತ್ತಾ ಕೇಳುತ್ತಿದ್ದಳು. ನಾನು ಅಷ್ಟರಲ್ಲಿ ಒಂದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದೆ. ಇಪ್ಪತ್ತು ವರ್ಷದ ಅಭ್ಯಾಸ. ಗೂಡನ್ನು ಹಾಗೆ ಅಲ್ಲಾಡಿಸಿದರೆ ಒಳಗಿನ ಹುಳದ ಸದ್ದಿನಲ್ಲೇ ಅದರ ಯೋಗ್ಯತೆ ಗೊತ್ತಾಗುತ್ತದೆ.

"ಏನು ಕೇಳಿಸ್ತಿದೆ ಅಮ್ಮ?" ಎಂದರು ಡಾಕ್ಟರು.

"ಏನೂ ಇಲ್ಲ. ಒಳ್ಳೇ ಮಾಲು."

ಮಂಗಳ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಡಾಕ್ಟರು ಮಾತ್ರ ನಕ್ಕು, ಅರ್ಧಕ್ಕೆ ಕತ್ತರಿಸಿದ ಇನ್ನೊಂದನ್ನು ತೋರಿಸಿದರು. ಒಳಗಿನ ಜೆಲ್ಲು ಹರಿಯಲಿಲ್ಲ. ಹದವಾಗಿ ಬೆಂದ ಮುದ್ದೆಯನ್ನು ಮುರಿದ ಹಾಗೆ ತನ್ನ ಪಾಡಿಗೆ ನಿಂತಿತ್ತು. ಇದರಲ್ಲೂ ಮೆತ್ತನೆಯದು, ಗಟ್ಟಿಯದು ಎಂದು ಇವೆಯಂತೆ. ಮೆತ್ತಗಿದ್ದರೆ ಮುಟ್ಟಿದಾಗ ಸಹಜ, ಗಟ್ಟಿಯಿದ್ದರೆ ಆಕಾರ ಖಚಿತ. ಬಾಳಿಕೆ ಎಷ್ಟು ವರ್ಷ ಎಂದು ಕೇಳಿದೆ. ಜೀವನಪರ್ಯಂತ ಎಂದು ಹೇಳಲಾರೆ, ಆಗಾಗ ಸ್ಕ್ಯಾನ್ ಮಾಡಿಸಬೇಕು, ಸಿಪ್ಪೆ ಒಡೆಯಬಹುದು, ಸುತ್ತ ಗಡಸಾಗಬಹುದು, ಮುಂದೆ ಬದಲಾಯಿಸಬೇಕಾಗಿಯೂ ಬರಬಹುದು ಎಂದರು. ತನ್ನ ಮಾಲಿನ ಕುಂದನ್ನು ತಾನೇ ಹೇಳುವ ವ್ಯಾಪಾರಿಯನ್ನು ನಾನು ಮಾರುಕಟ್ಟೆಯಲ್ಲಿ ಕಂಡೇ ಇರಲಿಲ್ಲ. ಇದರಲ್ಲೇನೋ ಮೋಸವಿದೆ ಎಂದು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ.

ಮಂಗಳಳ ಎದೆಯ ಅಗಲ ಅಳೆದು ಡಾಕ್ಟರು ಹೇಳಿದ್ದಿಷ್ಟು: ಅವಳಿಗೆ ಇನ್ನೂರ ನಲವತ್ತು ಸಿಸಿಯೂ ಕೂರುತ್ತದೆ, ಹೆಚ್ಚೆಂದರೆ ಮುನ್ನೂರ ಇಪ್ಪತ್ತೂ ಕೂರುತ್ತದೆ. ಮಂಗಳ ತಕ್ಷಣ "ಇನ್ನೂರ ನಲವತ್ತು" ಎಂದಳು.

"ರೇಟಿನಲ್ಲಿ ವ್ಯತ್ಯಾಸ ಎಷ್ಟು?" ಎಂದೆ ನಾನು.

"ವ್ಯತ್ಯಾಸ ಇಲ್ಲ ಅಮ್ಮ. ಎಲ್ಲಾ ಸೈಜೂ ಒಂದೇ ರೇಟು."

ಆ ಮಾತು ಕೇಳಿದ ಮೇಲೆ ನನಗೆ ಆ ಕೋಣೆಯಲ್ಲಿ ಬೇರೇನೂ ಕೇಳಿಸಲಿಲ್ಲ. ಒಂದು ಕಡೆಗೆ ಎಂಬತ್ತು, ಎರಡು ಕಡೆ ಸೇರಿ ನೂರರವತ್ತು ಸಿಸಿ, ಅಂದರೆ ತುಂಬಿದ ಒಂದು ಕಾಫಿ ಲೋಟ, ಪುಕ್ಕಟೆ! ಅದನ್ನು ಮೇಜಿನ ಮೇಲೆ ಬಿಟ್ಟು ಎದ್ದು ಬರುವುದೇ? "ಲೇ ಮಂಗಳಾ, ದೊಡ್ಡದೇ ಹೇಳೇ" ಎಂದು ಅಲ್ಲೇ ಶುರು ಮಾಡಿದೆ. ನಮ್ಮಿಬ್ಬರ ಜಗಳ ಬಿಡಿಸಲು ಡಾಕ್ಟರು ಒಂದು ಉಪಾಯ ಕೊಟ್ಟರು. ಅಷ್ಟೇ ಅಳತೆಯ ಅಕ್ಕಿಯನ್ನು ತೆಳ್ಳನೆಯ ಕಾಲುಚೀಲಕ್ಕೆ ತುಂಬಿ, ಒಳಉಡುಪಿನಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿ ನೋಡಬೇಕು. ಯಾವುದು ಸರಿ ಎಂದು ಮೈಯೇ ಹೇಳುತ್ತದೆ.

ಮನೆಯಲ್ಲಿ ನಾನು ಅಕ್ಕಿಯ ಬದಲು ರಾಗಿ ತೆಗೆದುಕೊಂಡೆ. ರಾಗಿ ಸಣ್ಣಕಾಳು, ಮೈಗೆ ಹೊಂದಿಕೊಂಡು ಕೂರುತ್ತದೆ. ಅವಳಿ ಮಕ್ಕಳ ಹಳೆಯ ಹಾಲಿನ ಬಾಟಲಿಯ ಗೀಟು ನೋಡಿ ಅಳೆದು, ಇನ್ನೂರ ನಲವತ್ತರದ್ದೊಂದು ಜೊತೆ, ಮುನ್ನೂರ ಇಪ್ಪತ್ತರದ್ದೊಂದು ಜೊತೆ ಹೊಲಿದೆ. ಮಂಗಳ ಚಿಕ್ಕ ಜೊತೆ ಧರಿಸಿ ಗಾರ್ಮೆಂಟ್ಸಿಗೆ ಹೋದಳು, ಸಂಜೆ ಹಾಡು ಗುನುಗುತ್ತಾ ಬಂದಳು. ದೊಡ್ಡದನ್ನು ಮುಟ್ಟಲೂ ಒಪ್ಪಲಿಲ್ಲ. ನಾಲ್ಕು ದಿನ ಹೇಳಿ ಹೇಳಿ ಸೋತು, ಅದರಲ್ಲಿ ಏನೂ ತೊಂದರೆಯಿಲ್ಲ ಎಂದು ತೋರಿಸಿಕೊಡಲು ನಾನೇ ಧರಿಸಿಕೊಂಡು ಗೂಡಿನ ಮಾರುಕಟ್ಟೆಗೆ ಹೊರಟೆ. ದೇವರು ಕೊಟ್ಟದ್ದು ನನಗೆ ಸಾಕಷ್ಟಿದೆ. ಅದರ ಮೇಲೆ ಮುನ್ನೂರ ಇಪ್ಪತ್ತು. ಬಾಗಿಲಿನಿಂದ ನನಗಿಂತ ಮೊದಲು ಅದೇ ಹೊರಗೆ ಹೋಯಿತು.

ಅಕ್ಕೂರಿನ ರೈತ ಸಿದ್ದಪ್ಪ ಗೂಡು ಹರವಿಕೊಂಡು ನಿಂತಿದ್ದ. ನಾನು ಬಗ್ಗಿ ರಾಶಿಯ ತಳಕ್ಕೆ ಕೈ ಹಾಕಿದೆ. ಎದೆಯ ಬಳಿ ಪಟ್ಟನೆ ಏನೋ ಬಿಟ್ಟುಕೊಂಡ ಹಾಗಾಯಿತು. ಬಿಳಿ ಗೂಡಿನ ಮೇಲೆ ಜರಜರ ಎಂದು ರಾಗಿ ಸುರಿಯತೊಡಗಿತು.

"ಇದೇನ್ ಜಯಮ್ಮಾರೇ, ಗೂಡ್ನಾಗೆ ರಾಗಿ!" ಎಂದ ಸಿದ್ದಪ್ಪ.

ವ್ಯವಹಾರಸ್ಥರು ಇಂಥ ಹೊತ್ತಿನಲ್ಲಿ ಮೊದಲು ಬಾಯಿ ಮಾಡಬೇಕು. "ಅದನ್ನ ನಾನ್ ಕೇಳ್ಬೇಕು ಕಣಪ್ಪ! ತೂಕ ಬರ್ಲಿ ಅಂತ ರಾಗಿ ಬೆರೆಸ್ಕಂಡ್ ಬಂದಿದ್ದೀಯಾ?"

ಸಿದ್ದಪ್ಪ ರಾಶಿ ನೋಡಿದ, ನನ್ನನ್ನು ನೋಡಿದ. ನನ್ನ ಬಲಗಡೆ ತುಂಬಿಕೊಂಡಿತ್ತು, ಎಡಗಡೆ ಕ್ಷಣಕ್ಷಣಕ್ಕೂ ಇಳಿಯುತ್ತಿತ್ತು. ಪಾಪ, ಮರ್ಯಾದಸ್ಥ. ಮುಖವನ್ನು ಮಾರುಕಟ್ಟೆಯ ಚಾವಣಿಯ ಕಡೆ ತಿರುಗಿಸಿಕೊಂಡು, "ಈ ಸಲ ನಾವು ರಾಗಿನೇ ಹಾಕಿಲ್ಲ ಕಣಕ್ಕೋ" ಎಂದ.

ಗೋಣಿಚೀಲವೊಂದನ್ನು ಎದೆಗವಚಿಕೊಂಡು ಆಟೋ ಹತ್ತಿದೆ. ಮನೆಯವರೆಗೂ ಆಟೋದವನು ಹಿಂದೆ ತಿರುಗಿ ತಿರುಗಿ ನೋಡಿದ. ಸೀಟಿನ ಮೇಲೆ ರಾಗಿ ಸುರಿಯುತ್ತಲೇ ಇತ್ತು.

ಮಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಳು, ಉಳಿದ ರಾಗಿಯನ್ನು ಮೊರಕ್ಕೆ ಸುರಿದುಕೊಂಡಳು. ಕಲ್ಲು ಆರಿಸುತ್ತಾ ಆರಿಸುತ್ತಾ ನಗು ನಿಂತಿತು.

"ಆರನೇ ಕ್ಲಾಸಿನ ಓಟದ ಪಂದ್ಯ ಗ್ಯಾಪಕ ಐತಾ ಅಕ್ಕ? ನಾನೇ ಮುಂದಿದ್ದೆ. ಚಪ್ಲಿ ಕಾಲಿಂದ ಹಾರೋಗಿ ಮಕಾಡೆ ಬಿದ್ದೆ. ಚಪ್ಲಿ ಪಟ್ಟಿಗೆ ಬಟ್ಟೆ ತುರುಕ್ಕಂಡು ಐದು ವರ್ಷ ಸ್ಕೂಲಿಗೆ ಹೋಗಿವ್ನಿ. ನೀನು ನಂಗೆ ಮಾಡಿದ್ದೆಲ್ಲಾ ದೊಡ್ಡದೇ, ಇಲ್ಲ ಅನ್ನಲ್ಲ. ಆದ್ರೆ ಈಗ ನಂಗೆ ಮೂವತ್ನಾಕು ವರ್ಷ. ನಾನಿನ್ನು ಬೆಳೆಯಲ್ಲ ಅಕ್ಕ."

ನಾನೂ ಮೊರಕ್ಕೆ ಕೈ ಹಾಕಿದೆ. ಒಂದು ಕಲ್ಲು ಸಿಕ್ಕಿತು, ಅದನ್ನು ತೆಗೆದು ಬಿಸಾಡಿದೆ.

ಮತ್ತೆ ಹೋದಾಗ ಡಾಕ್ಟರು ಯಾವುದು ಬೇಕೆಂದು ಕೇಳಿದರು. ನನ್ನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು. ಅದಕ್ಕೆ ಸೆರಗು ತುರುಕಿಕೊಂಡೆ. "ಗುಂಡನೇದು, ನುಣುಪು, ಇನ್ನೂರ ನಲವತ್ತು" ಎಂದಳು ಮಂಗಳ, ಅಂಗಿಯ ಅಳತೆ ಹೇಳುವ ದನಿಯಲ್ಲಿ. ಆಪರೇಷನ್ ಚೆನ್ನಾಗಿ ಆಯಿತು. ಈಗ ಯಾರಾದರೂ ನನ್ನ ಸಲಹೆ ಕೇಳಿದರೆ ಹೀಗೆ ಹೇಳುತ್ತೇನೆ: ಆಕಾರ, ಸಿಪ್ಪೆ, ಜೆಲ್ಲು, ಅಳತೆ ನಾಲ್ಕನ್ನೂ ಕೇಳಿ ತಿಳಿದುಕೊಳ್ಳಿ, ಮುಂದಿನ ತೊಂದರೆಗಳನ್ನು ಮೊದಲೇ ಕೇಳಿ, ರಾಗಿಯ ಚೀಲಕ್ಕೆ ಎರಡು ಹೊಲಿಗೆ ಹಾಕಿ, ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ.

ಆಪರೇಷನ್ನಿನ ನಂತರ ಮುಂದೆ ಗುಂಡಿಯಿರುವ ನೈಟಿ ಬೇಕೆಂದಿದ್ದರು. ಪೇಟೆಯ ಅಂಗಡಿಗೆ ಹೋಗಿ ಮಂಗಳಳ ಅಳತೆಯದನ್ನೇ ಕೇಳಿದೆ. ಅಂಗಡಿಯವನು, "ಎಲ್ಲಾ ಸೈಜೂ ಒಂದೇ ರೇಟು ಅಕ್ಕಾ" ಎಂದ. ಕೈ ತಾನಾಗಿಯೇ ರಾಶಿಯ ತಳಕ್ಕೆ ಹೋಯಿತು. ಆದರೂ ಅವಳ ಅಳತೆಯದನ್ನೇ ಕಟ್ಟಿಸಿದೆ. ಮೆಟ್ಟಿಲು ಇಳಿದವಳು ಮತ್ತೆ ಹತ್ತಿದೆ. "ಅದೇ ರೇಟಿನಲ್ಲಿ ನಿನ್ನ ಹತ್ತಿರ ಇರೋದ್ರಲ್ಲೆಲ್ಲಾ ದೊಡ್ಡದು ಯಾವುದಪ್ಪ?" ಎಂದು ಕೇಳಿ ನನಗೊಂದು ತಂದೆ.

ಅದನ್ನು ತೊಟ್ಟುಕೊಂಡು ಮಂಗಳಳಿಗೆ ಗಂಜಿ ಒಯ್ಯುವಾಗ ಅಂಚು ಕಾಲಿಗೆ ಸಿಕ್ಕಿ, ಗಂಜಿಯ ಸಮೇತ ಹಜಾರದಲ್ಲಿ ಮಕಾಡೆ ಬಿದ್ದೆ. ಮಂಚದ ಮೇಲೆ ಅವಳು, ತನ್ನ ಅಳತೆಯ ನೈಟಿಯಲ್ಲಿ, ಹೊಲಿಗೆ ಎಳೆಯುತ್ತದೆಂದು ಎರಡೂ ಕೈಯಲ್ಲಿ ನಗುವನ್ನು ಒತ್ತಿ ಹಿಡಿದುಕೊಂಡಿದ್ದಳು.

"ಇರ್ಲಿ ಬುಡಕ್ಕ," ಎಂದಳು. "ಬೆಳೆಯೋ ಹುಡುಗಿ ನೀನು."